ಹೆಪಟೈಟಿಸ್ ಬಿ: ವರದಿಯನ್ನು ಓದೋಣ, ತೀರ್ಪು ನೀಡದಿರೋಣ





ಆರೋಗ್ಯದ ಕುರಿತು ಮಾತನಾಡಬೇಕೆಂದು ಸಂಘಟಕರು ಕೋರಿದಾಗ ನಾನು ಹೆಪಟೈಟಿಸ್ ಬಿ ರೋಗದ ರಕ್ತ ಪರೀಕ್ಷೆಯನ್ನು ವಿಷಯವಾಗಿ ಆರಿಸಿಕೊಂಡೆ. ಅದಕ್ಕೆ ಕಾರಣವಿದೆ. ನಮ್ಮ ಕರಾವಳಿಯ ಯುವಕರು ಗಲ್ಫ್ ರಾಷ್ಟ್ರಗಳಿಗೆ ಉದ್ಯೋಗಕ್ಕಾಗಿ ಹೊರಡುವ ಮುನ್ನ ವೈದ್ಯಕೀಯ ತಪಾಸಣೆಗೆ ಒಳಗಾಗುತ್ತಾರೆ. ಅಲ್ಲಿ ಈ ಸೋಂಕು ಕಂಡುಬಂದರೆ ‘ಅನ್‌ಫಿಟ್’ ಎಂಬ ಮುದ್ರೆ ಬೀಳುತ್ತದೆ. ಉದ್ಯೋಗ ಹೋಯಿತೆಂಬುದು ಮಾತ್ರ ಆ ಯುವಕನಿಗೆ ತಿಳಿಯುತ್ತದೆ. ರೋಗವೇನೆಂದು ವಿವರಿಸುವವರು ಇರುವುದಿಲ್ಲ. ಒಬ್ಬರು ಕಾಮಾಲೆಗೆ ಬೇರಿನ ಮದ್ದು ಕೊಡಿಸುತ್ತಾರೆ. ಇನ್ನೊಬ್ಬರು ಮುಚ್ಚಿಡಲು ಸಲಹೆ ನೀಡುತ್ತಾರೆ. ಮತ್ತೊಬ್ಬರು ಊರೆಲ್ಲ ಹೇಳಿಕೊಂಡು ಬಂದು ನಿಶ್ಚಯವಾಗಿದ್ದ ನಿಕಾಹನ್ನು ಮುರಿಯುತ್ತಾರೆ. ಆದರೆ ಉಳಿದ ಪರೀಕ್ಷೆಗಳನ್ನು ಮಾಡಿಸಿ, ಚಿಕಿತ್ಸೆಯ ಅಗತ್ಯವಿದೆಯೇ ಎಂದು ವೈದ್ಯರಲ್ಲಿ ಕೇಳಬೇಕಾದ ಕೆಲಸ ಹಾಗೆಯೇ ಉಳಿದುಬಿಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನರು ಈ ದೀರ್ಘಕಾಲೀನ ಸೋಂಕನ್ನು ಹೊಂದಿದ್ದರು. ಭಾರತದಲ್ಲಿ ಅವರ ಸಂಖ್ಯೆ ಸುಮಾರು 3 ಕೋಟಿ. ಜಗತ್ತಿನ ಸೋಂಕಿತರಲ್ಲಿ ನೂರಕ್ಕೆ 13 ಮಂದಿಗೆ ಮಾತ್ರ ತಮಗೆ ಸೋಂಕಿರುವುದು ಪತ್ತೆಯಾಗಿತ್ತು. ಅದೇ ವರ್ಷ ಸುಮಾರು 11 ಲಕ್ಷ ಜನರು ಈ ರೋಗದಿಂದ ಮೃತಪಟ್ಟರು. ಹೆಚ್ಚಿನವರ ಸಾವಿಗೆ ಕಾರಣ ಯಕೃತ್ತು ಗಟ್ಟಿಯಾಗಿ ಕೆಡುವ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರ್. ಈ ವೈರಸ್ ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ದೇಹದಲ್ಲಿ ಇರಬಲ್ಲದು. ಆದ್ದರಿಂದಲೇ ರಕ್ತ ಪರೀಕ್ಷೆಗೆ ಇಷ್ಟು ಮಹತ್ವ.

1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್, ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ ವಿಶಿಷ್ಟವಾದ ಪ್ರೋಟೀನೊಂದನ್ನು ಗುರುತಿಸಿದರು. ಅದು ಈ ವೈರಸ್ಸಿನ ಹೊರಕವಚವೆಂದು ಅನಂತರ ತಿಳಿದುಬಂತು. ರಕ್ತ ಪರೀಕ್ಷೆಯೂ ಲಸಿಕೆಯೂ ಆ ಶೋಧದಿಂದ ಹುಟ್ಟಿದವು. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅವರ ಜನ್ಮದಿನವಾದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸಲಾಗುತ್ತದೆ.

ಈಗ ವರದಿಯನ್ನು ಓದುವ ಕ್ರಮಕ್ಕೆ ಬರೋಣ. ಮೊದಲು ಎರಡು ಪದಗಳ ವ್ಯತ್ಯಾಸವನ್ನು ತಿಳಿಯಬೇಕು. ಆ್ಯಂಟಿಜೆನ್ ಎಂದರೆ ವೈರಸ್ಸಿನ ಭಾಗ. ಆ್ಯಂಟಿಬಾಡಿ ಎಂದರೆ ಅದರ ವಿರುದ್ಧ ನಮ್ಮ ದೇಹವು ಸಿದ್ಧಪಡಿಸುವ ಪ್ರತಿಕಾಯ. ಒಂದು ಶತ್ರುವಿನ ಗುರುತು, ಇನ್ನೊಂದು ನಮ್ಮ ಕಾವಲುಗಾರ. ಕಾಗದದಲ್ಲಿ ಎರಡರ ಹೆಸರೂ ಒಂದೇ ತೆರನಾಗಿ ಕಾಣುವುದರಿಂದ ಗೊಂದಲ ಉಂಟಾಗುತ್ತದೆ.

ಒಂದನೆಯದು ಎಚ್‌ಬಿಎಸ್‌ಎಜಿ. ಇದು ಪಾಸಿಟಿವ್ ಆದರೆ ವೈರಸ್ ಈಗ ದೇಹದಲ್ಲಿದೆ ಎಂದರ್ಥ. ಎರಡನೆಯದು ಆ್ಯಂಟಿ-ಎಚ್‌ಬಿಎಸ್. ಇದು ಪಾಸಿಟಿವ್ ಆಗಿರುವುದು ಸಾಮಾನ್ಯವಾಗಿ ಶುಭ ಸುದ್ದಿ, ಏಕೆಂದರೆ ಅದು ರಕ್ಷಣೆಯ ಸೂಚನೆ. ಅದರ ಪ್ರಮಾಣ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಕು. ಮೂರನೆಯದು ಆ್ಯಂಟಿ-ಎಚ್‌ಬಿಸಿ, ಅಂದರೆ ವೈರಸ್ಸಿನ ಒಳತಿರುಳಿನ ವಿರುದ್ಧದ ಪ್ರತಿಕಾಯ. ಲಸಿಕೆಯಲ್ಲಿ ಹೊರಕವಚ ಮಾತ್ರವಿರುವುದರಿಂದ ಲಸಿಕೆ ಪಡೆದವರಲ್ಲಿ ಇದು ಹುಟ್ಟುವುದಿಲ್ಲ. ಇದು ಪಾಸಿಟಿವ್ ಆಗಿದ್ದರೆ ನಿಜವಾದ ವೈರಸ್ ಹಿಂದೆಂದೋ ಅಥವಾ ಈಗ ದೇಹವನ್ನು ಹೊಕ್ಕಿದೆ ಎಂದು ತಿಳಿಯಬೇಕು.

ಈ ಮೂರನ್ನೂ ಜೊತೆಯಾಗಿ ಓದಬೇಕು. ಮೂರೂ ನೆಗೆಟಿವ್ ಆದರೆ ಆ ವ್ಯಕ್ತಿಗೆ ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ, ಲಸಿಕೆ ಹಾಕಿಸಿಕೊಳ್ಳಬೇಕು. ಎರಡನೆಯದು ಮಾತ್ರ ಪಾಸಿಟಿವ್ ಆದರೆ ಅದು ಲಸಿಕೆಯ ಫಲ. ಮೊದಲನೆಯದು ನೆಗೆಟಿವ್ ಆಗಿ ಉಳಿದೆರಡು ಪಾಸಿಟಿವ್ ಆದರೆ ಹಿಂದೆ ಸೋಂಕು ತಗುಲಿ ಗುಣವಾಗಿದೆ. ಆದರೂ ಮುಂದೆ ಕ್ಯಾನ್ಸರ್ ಚಿಕಿತ್ಸೆಯಂತಹ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಸೇವಿಸಬೇಕಾಗಿ ಬಂದರೆ ಈ ವಿಷಯವನ್ನು ವೈದ್ಯರಿಗೆ ತಿಳಿಸಬೇಕು; ಅಡಗಿರುವ ವೈರಸ್ ಮತ್ತೆ ಎಚ್ಚರಗೊಳ್ಳಬಹುದು. ಮೂರನೆಯದು ಮಾತ್ರ ಪಾಸಿಟಿವ್ ಆದಲ್ಲಿ ಹಲವು ಅರ್ಥಗಳಿರುವುದರಿಂದ ವೈದ್ಯರ ಸಲಹೆಯಂತೆ ಮರುಪರೀಕ್ಷೆ ಅಗತ್ಯ.

ಎಚ್‌ಬಿಎಸ್‌ಎಜಿ ಪಾಸಿಟಿವ್ ಆದವರು ಒಂದೇ ಚೀಟಿಯಿಂದ ಎದೆಗುಂದಬಾರದು. ಕಾರ್ಡಿನ ಮೇಲೆ ಮಾಡುವ ತ್ವರಿತ ಪರೀಕ್ಷೆಯಾಗಿದ್ದರೆ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು. ಲಸಿಕೆ ಪಡೆದ ಎರಡು-ಮೂರು ವಾರಗಳೊಳಗೆ ಪರೀಕ್ಷಿಸಿದರೆ ಲಸಿಕೆಯ ಅಂಶವೇ ತಾತ್ಕಾಲಿಕವಾಗಿ ಪಾಸಿಟಿವ್ ತೋರಿಸಬಹುದು. ವಿದೇಶಕ್ಕೆ ಹೊರಡುವವರು ಇದನ್ನು ನೆನಪಿನಲ್ಲಿಡಬೇಕು. ಸೋಂಕು ಖಚಿತವಾದರೆ ಅದು ಹೊಸದೋ ಹಳೆಯದೋ ಎಂಬುದು ಮುಂದಿನ ಪ್ರಶ್ನೆ. ಐಜಿಎಂ ಆ್ಯಂಟಿ-ಎಚ್‌ಬಿಸಿ ಸಾಮಾನ್ಯವಾಗಿ ಹೊಸ ಸೋಂಕನ್ನು ಸೂಚಿಸುತ್ತದೆ. ಎಚ್‌ಬಿಎಸ್‌ಎಜಿ ಆರು ತಿಂಗಳಿಗೂ ಮೀರಿ ಉಳಿದರೆ ಅದು ದೀರ್ಘಕಾಲೀನ ಸೋಂಕು. ಆಗ ಎಚ್‌ಬಿಇಎಜಿ, ರಕ್ತದಲ್ಲಿರುವ ವೈರಸ್ಸಿನ ಪ್ರಮಾಣವನ್ನು ಅಳೆಯುವ ಡಿಎನ್‌ಎ ಪರೀಕ್ಷೆ, ಯಕೃತ್ತಿನ ಹಾನಿಯನ್ನು ಸೂಚಿಸುವ ಎಸ್‌ಜಿಪಿಟಿ ಮತ್ತು ಸ್ಕ್ಯಾನಿಂಗ್ ಅಗತ್ಯವಾಗುತ್ತವೆ. ಇವುಗಳ ಆಧಾರದಲ್ಲಿ ವೈದ್ಯರು ಔಷಧಿ ಬೇಕೇ ಅಥವಾ ನಿಗಾ ಸಾಕೇ ಎಂದು ನಿರ್ಧರಿಸುತ್ತಾರೆ. ಎಸ್‌ಜಿಪಿಟಿ ಒಮ್ಮೆ ಸರಿಯಾಗಿ ಬಂದಿತೆಂದು ತಪಾಸಣೆ ನಿಲ್ಲಿಸುವುದು ಅಪಾಯಕಾರಿ. ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ವೈರಸ್ಸನ್ನು ಹತೋಟಿಯಲ್ಲಿಡುತ್ತವೆ. ಅವುಗಳನ್ನು ಸ್ವಇಚ್ಛೆಯಿಂದ ನಿಲ್ಲಿಸಿದರೆ ರೋಗ ಉಲ್ಬಣಿಸಬಹುದು.

ಸಹೋದರರೇ, ಈ ರೋಗ ಹರಡುವುದು ರಕ್ತ, ಲೈಂಗಿಕ ಸಂಪರ್ಕ ಮತ್ತು ಹೆರಿಗೆಯ ಮೂಲಕ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ, ಹಸ್ತಲಾಘವದಿಂದಾಗಲಿ, ನಮಾಝಿನ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವುದರಿಂದಾಗಲಿ ಹರಡುವುದಿಲ್ಲ. ಸೋಂಕಿತನ ತಟ್ಟೆ-ಲೋಟವನ್ನು ಬೇರೆ ಇಡುವವರು, ಹತ್ತು ಮಕ್ಕಳ ಸುನ್ನತಿಗೆ ಒಂದೇ ಕತ್ತಿ ಬಳಕೆಯಾದಾಗ ಮೌನವಾಗಿರುತ್ತಾರೆ! ಈ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಬಲ್ಲದು. ಸುನ್ನತಿ, ಹಿಜಾಮ, ಕಿವಿ ಚುಚ್ಚುವಿಕೆ, ಕ್ಷೌರ, ಹಜ್ಜ್‌ನಲ್ಲಿ ತಲೆ ಬೋಳಿಸುವಿಕೆ - ಎಲ್ಲೆಡೆಯೂ ಹೊಸ ಬ್ಲೇಡ್ ಅಥವಾ ಕ್ರಿಮಿಶುದ್ಧೀಕರಿಸಿದ ಸಲಕರಣೆಯನ್ನೇ ಬಳಸುವಂತೆ ಒತ್ತಾಯಿಸಬೇಕು. 2009ರಲ್ಲಿ ಗುಜರಾತಿನ ಮೊಡಾಸಾ ಪ್ರದೇಶದಲ್ಲಿ ಬಳಸಿದ ಸಿರಿಂಜುಗಳ ಮರುಬಳಕೆಯಿಂದ ಈ ರೋಗ ಹಬ್ಬಿ ಅನೇಕರು ಪ್ರಾಣ ಕಳೆದುಕೊಂಡದ್ದನ್ನು ಮರೆಯಬಾರದು.

ಗರ್ಭಿಣಿಯರ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ವಯಸ್ಕರಲ್ಲಿ ಸೋಂಕು ತಗುಲಿದ ನೂರರಲ್ಲಿ ಐವರಿಗಿಂತ ಕಡಿಮೆ ಮಂದಿಗೆ ಅದು ದೀರ್ಘಕಾಲ ಉಳಿಯುತ್ತದೆ. ನವಜಾತ ಶಿಶುಗಳಲ್ಲಿಯಾದರೋ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಉಳಿಯುತ್ತದೆ. ಹುಟ್ಟಿದ 24 ಗಂಟೆಗಳೊಳಗೆ ಮೊದಲ ಲಸಿಕೆ ಮತ್ತು ಸೋಂಕಿತ ತಾಯಿಯ ಮಗುವಿಗೆ ಅದರೊಂದಿಗೆ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದು ನೀಡಿದರೆ ಹೆಚ್ಚಿನ ಮಕ್ಕಳನ್ನು ರಕ್ಷಿಸಬಹುದು. ಇಂತಹ ತಾಯಿ ಮಗುವಿಗೆ ಎದೆಹಾಲು ನೀಡಬಹುದು. ಲಸಿಕೆಯು ನಮ್ಮ ದೇಶದಾದ್ಯಂತ ಸರಕಾರಿ ಕಾರ್ಯಕ್ರಮಕ್ಕೆ ಸೇರಿದ್ದು 2011ರಲ್ಲಿ. ಆದ್ದರಿಂದ ಇಂದಿನ ಅನೇಕ ಯುವಕರು ಬಾಲ್ಯದಲ್ಲಿ ಅದನ್ನು ಪಡೆದಿಲ್ಲ.

2018ರ ಜುಲೈ 28ರಂದು ಕೇಂದ್ರ ಸರಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದರಡಿ ಪರೀಕ್ಷೆಯೂ ಔಷಧಿಯೂ ಉಚಿತ. ಈ ಸುದ್ದಿ ಬಡವನ ಮನೆಗೆ ತಲುಪದಿದ್ದರೆ ಯೋಜನೆ ಕಾಗದದಲ್ಲೇ ಉಳಿಯುತ್ತದೆ. ಎಚ್‌ಐವಿ ಬಾಧಿತರಿಗೆ ತಾರತಮ್ಯದ ವಿರುದ್ಧ 2017ರ ಕಾಯ್ದೆಯ ರಕ್ಷಣೆಯಿದೆ. ಹೆಪಟೈಟಿಸ್ ಬಾಧಿತರಿಗೂ ಅಂತಹ ರಕ್ಷಣೆ ನೀಡಬೇಕೆಂದು ನಾವು ಆಗ್ರಹಿಸಬೇಕು. ‘ಅನ್‌ಫಿಟ್’ ಚೀಟಿ ಕೊಡುವ ತಪಾಸಣಾ ಕೇಂದ್ರಗಳು ಶುಲ್ಕ ಪಡೆಯುತ್ತವೆ. ಮುಂದೇನು ಮಾಡಬೇಕೆಂದು ಹತ್ತು ನಿಮಿಷ ವಿವರಿಸುವ ಹೊಣೆಯನ್ನೂ ಅವುಗಳ ಮೇಲೆ ಹೊರಿಸಬೇಕಲ್ಲವೇ?

ಆದರೆ ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ರೋಗಕ್ಕೆ ಔಷಧಿಯನ್ನು ಅರಸುವಂತೆ ಪ್ರವಾದಿ(ಸ) ಬೋಧಿಸಿದ್ದಾರೆ. ಅನ್ಯರ ಗುಟ್ಟನ್ನು ಕೆದಕುವುದನ್ನೂ ಪರನಿಂದೆಯನ್ನೂ ಕುರ್‌ಆನ್ ನಿಷೇಧಿಸಿದೆ. ಹೀಗಿರುವಾಗ ಒಬ್ಬನ ರಕ್ತದ ವರದಿ ಊರಿನ ಹರಟೆಯ ವಸ್ತುವಾಗುವುದು ಹೇಗೆ? ನಿಕಾಹ್‌ಗೆ ಮುನ್ನ ಸಂಗಾತಿಗೆ ಸತ್ಯವನ್ನು ತಿಳಿಸುವುದು ಸೋಂಕಿತನ ಕರ್ತವ್ಯ. ಆ ಸತ್ಯವನ್ನು ಗೌರವದಿಂದ ಕಾಪಾಡುವುದು ಕೇಳಿದವರ ಕರ್ತವ್ಯ. ಸಂಗಾತಿ ಮೂರು ಡೋಸ್ ಲಸಿಕೆ ಪಡೆದು, ಪ್ರತಿಕಾಯ ಹುಟ್ಟಿದೆಯೆಂದು ಖಚಿತವಾಗುವ ತನಕ ಮುಂಜಾಗ್ರತೆ ವಹಿಸಿದರೆ ದಾಂಪತ್ಯಕ್ಕೆ ಈ ರೋಗ ಅಡ್ಡಿಯಾಗಬೇಕಿಲ್ಲ.

ಈ ಜಮಾಅತ್‌ನ ಮುಂದೆ ಮೂರು ಕೆಲಸಗಳನ್ನು ಇಡುತ್ತೇನೆ. ವರ್ಷಕ್ಕೊಮ್ಮೆ ಮೊಹಲ್ಲಾದಲ್ಲಿ ಪರೀಕ್ಷೆ ಮತ್ತು ಲಸಿಕಾ ಶಿಬಿರ ನಡೆಸಿ, ವರದಿಯನ್ನು ಆಯಾ ವ್ಯಕ್ತಿಯ ಕೈಗೇ ಕೊಡಿ. ಸಾಮೂಹಿಕ ಸುನ್ನತಿಗೆ ವೈದ್ಯರನ್ನೇ ನೇಮಿಸಿ. ‘ಅನ್‌ಫಿಟ್’ ಆಗಿ ಮರಳಿದ ಯುವಕನನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯಲು ಇಬ್ಬರು ಕಾರ್ಯಕರ್ತರನ್ನು ಗೊತ್ತುಪಡಿಸಿ. ಇವಕ್ಕೆ ದೊಡ್ಡ ನಿಧಿ ಬೇಕಿಲ್ಲ, ಮನಸ್ಸು ಬೇಕು. ಅಲ್ಲಾಹನು ನಮಗೆ ಆರೋಗ್ಯವನ್ನೂ ವಿವೇಕವನ್ನೂ ಅನುಗ್ರಹಿಸಲಿ, ಆಮೀನ್.