ಟಿಇಟಿ ಪಾಸಾದ ಮೇಲೆ



ಸರ್ಕಾರಿ ಶಾಲೆಯ ಮೇಷ್ಟರ ಗುಣಮಟ್ಟದ ಮಾತು ಬಂದರೆ ಈಗ ಎಲ್ಲರ ಬಾಯಲ್ಲೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 150 ಪ್ರಶ್ನೆ, ಎರಡೂವರೆ ಗಂಟೆ. ಸಾಮಾನ್ಯ ವರ್ಗದವರಿಗೆ 90 ಅಂಕ ಬಂದರೆ ಅರ್ಹತೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಇದನ್ನು ಪಾಸು ಮಾಡಬೇಕೆಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಹೇಳಿತು. ಜರಡಿ ಬೇಕು, ತಕರಾರಿಲ್ಲ. ಆದರೆ ನಾಲ್ಕರಲ್ಲಿ ಒಂದು ಉತ್ತರಕ್ಕೆ ಗುರುತು ಹಾಕಲು ಬಂದವರಿಗೆಲ್ಲ ಮಗುವಿಗೆ ಒತ್ತಕ್ಷರ ಕಲಿಸಲು ಬರುತ್ತದೆಯೆ?

ಕಲಿಸುವುದನ್ನು ಶಿಕ್ಷಕರು ಕಲಿಯುವುದು ಹೇಗೆಂಬುದಕ್ಕೆ ಉತ್ತರ ನಮ್ಮಲ್ಲೇ ಸಿಕ್ಕಿತ್ತು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಹಲವು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡು ಬಂದರು. ಯುನಿಸೆಫ್ ಬೆಂಬಲವಿತ್ತು. ಬಂದವರೇ ಕೂತು ಪಾಠಗಳನ್ನು ಒಡೆದು ಕಾರ್ಡು ಬರೆದರು. ಅದೇ ನಲಿಕಲಿ. ಮಗು ಗೋಡೆಯ ಕಲಿಕಾ ಏಣಿಯಲ್ಲಿ ತಾನೆಲ್ಲಿದ್ದೇನೆಂದು ನೋಡುತ್ತದೆ, ಕಾರ್ಡು ಎತ್ತಿಕೊಂಡು ತನ್ನ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಪೂರ್ತಿ ಮೇಷ್ಟರ ನೆರವು, ಇನ್ನೊಂದರಲ್ಲಿ ಜೊತೆಯ ಮಕ್ಕಳದ್ದು, ಮತ್ತೊಂದರಲ್ಲಿ ಸ್ವಕಲಿಕೆ. ಮಗು ಯಾವ ಕಾರ್ಡಿನಲ್ಲಿ ತಡವರಿಸುತ್ತದೆಂಬುದು ಬರೆದವರಿಗೆ ಗೊತ್ತಿತ್ತು, ಯಾಕೆಂದರೆ ಬರೆದವರೂ ಕಲಿಸುವವರೂ ಅವರೇ. ನನ್ನ ಮಟ್ಟಿಗೆ ಕರ್ನಾಟಕ ಕಂಡ ಅತ್ಯುತ್ತಮ ಶಿಕ್ಷಕ ತರಬೇತಿ ಆ ಕಾರ್ಡು ಬರೆಯುವ ಕೆಲಸವೇ.

ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹರಡಿತು. ಕಾರ್ಡುಗಳು ಅಚ್ಚಾಗಿ ಬಂದವು. ಬರೆಯುವ ಭಾಗ್ಯ ಮಾತ್ರ ಉಳಿದ ಶಿಕ್ಷಕರಿಗೆ ಬರಲಿಲ್ಲ.

ಇನ್ನು ಶಿಕ್ಷಕರಾಗಲಿರುವವರ ತರಬೇತಿ. ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯಬೇಕಾದ ವಾರಗಳೂ ಹೆಚ್ಚಿದವು. ಅದು ಒಳ್ಳೆಯದೇ. ಆದರೆ ಪ್ರಶಿಕ್ಷಣಾರ್ಥಿಯನ್ನು ರಜೆ ಹಾಕಿದವರ ಪೀರಿಯಡ್ಡಿಗೆ ಕಳಿಸಿ, ಪಾಠಯೋಜನೆಯ ಪುಸ್ತಕಕ್ಕೆ ಸಹಿ ಹಾಕಿಬಿಟ್ಟರೆ ವಾರಗಳಿಂದೇನು ಬಂತು? ಅನುಭವಿ ಶಿಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ಪೂರ್ತಿ ಕೇಳಿ, ಆಮೇಲೆ ಇಬ್ಬರೇ ಮಾತಾಡಬೇಕು. ಆ ಹಿರಿಯರಿಗೆ ಇದಕ್ಕೆಂದೇ ಬಿಡುವೂ ಬೇಕು.

ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರಿಗೆ 2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಯ ವೃತ್ತಿ ತರಬೇತಿ ಎನ್ನುತ್ತದೆ. ಮೊಬೈಲಿನಲ್ಲಿ ವಿಡಿಯೊ ಓಡಿಸಿ ಗಂಟೆ ತುಂಬಿಸಬಹುದು. ಅದರ ಬದಲು, ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಜೀವ ಕೊಡಿ. ಸುತ್ತೋಲೆ ಓದುವುದು, ಅಂಕಿಅಂಶ ಒಪ್ಪಿಸುವುದು ಅಲ್ಲಿ ಅರ್ಧ ಗಂಟೆಗೆ ಮುಗಿಯಲಿ. ಉಳಿದ ಹೊತ್ತು ಒಬ್ಬರ ಪಾಠ, ಎಲ್ಲರ ಚರ್ಚೆ.

ನಿಮ್ಮಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿದ್ದರೆ ಒಂದು ಕೋರಿಕೆ: ಮುಂದಿನ ಸಭೆಯಲ್ಲಿ ಕಾಂಪೌಂಡು, ಶೌಚಾಲಯದ ಜೊತೆಗೆ, ಹೊಸ ಮೇಷ್ಟರ ಪಾಠವನ್ನು ಯಾರು ಕೂತು ಕೇಳಿದರು ಎಂದೂ ವಿಚಾರಿಸಿ.