ಸಸ್ಕಾಚೆವನ್ ಪ್ರಾಂತದ ನೆಲವೂ ನೆಲದೊಡೆತನವೂ
(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಉತ್ತರ ಅಮೇರಿಕೆಯ ಭೂಪಟವನ್ನು ತಾವು ಬಿಡಿಸಿ ನೋಡಿದರೆ, ಕೆನಡಾ ದೇಶದ ನಡುವೆ ಅಡಿಪಟ್ಟಿಯಿಟ್ಟು ಗೆರೆಯೆಳೆದಂತಿರುವ ಪ್ರಾಂತವೊಂದು ಕಣ್ಣಿಗೆ ಬೀಳುವುದು. ತೆಂಕಣ ಎಲ್ಲೆಯು 49ನೆಯ ಅಕ್ಷಾಂಶ, ಬಡಗಣ ಎಲ್ಲೆಯು 60ನೆಯ ಅಕ್ಷಾಂಶ. ಹೊಳೆಯಾಗಲಿ ಬೆಟ್ಟವಾಗಲಿ ಕಡಲಾಗಲಿ ಅದರ ಗಡಿಯನ್ನು ಗುರುತಿಸಿಲ್ಲ. ಇದೇ ಸಸ್ಕಾಚೆವನ್. ಕ್ರೀ ಜನರ ನುಡಿಯಲ್ಲಿ ‘ಭರದಿಂದ ಹರಿಯುವ ಹೊಳೆ’ ಎಂಬರ್ಥದ ಮಾತಿನಿಂದ ಬಂದ ಹೆಸರಿದು. ವಿಸ್ತಾರವು ಸುಮಾರು 6,51,000 ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕದ ಮೂರರಷ್ಟಕ್ಕೂ ಮಿಗಿಲು. ಜನಸಂಖ್ಯೆಯೋ 12 ಲಕ್ಷದ ಆಸುಪಾಸು. ಈ ನಾಡಿನ ಸಂಪತ್ತನ್ನು ಬಣ್ಣಿಸುವುದಷ್ಟೇ ನಮ್ಮ ಉದ್ದೇಶವಲ್ಲ. ಹೆಸರು, ಶಾಸನಸಭೆ, ಮಂತ್ರಿಮಂಡಲ ಎಲ್ಲವೂ ದೊರೆತ ಮೇಲೆಯೂ ಒಂದು ಪ್ರಾಂತದ ನೆಲವು ಆ ಪ್ರಾಂತದ್ದಾಗದೆ ಉಳಿಯಬಹುದೆಂಬುದನ್ನು ಇದರ ಚರಿತ್ರೆಯಿಂದ ತಿಳಿಯಬಹುದಾಗಿದೆ.

ಮೊದಲು ನೆಲವನ್ನು ನೋಡೋಣ. ಬಡಗಣ ಭಾಗವೆಲ್ಲ ಬಂಡೆ, ಕಾಡು, ಕೆರೆಗಳು. ಯುರೇನಿಯಮ್ ದೊರೆಯುವುದು ಅಲ್ಲಿಯೇ. ಅದನ್ನು ಸದ್ಯಕ್ಕೆ ಬಿಡುವೆವು. ತೆಂಕಣ ಭಾಗವು ಪ್ರೇರಿ ಎನಿಸುವ ಹುಲ್ಲುನಾಡು. ಹಿಮನದಿಗಳು ತೀಡಿ ಬಿಟ್ಟುಹೋದ ಈ ಬಯಲಿನಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ತಗ್ಗುಗಳಿವೆ. ಹಿಮ ಕರಗಿದೊಡನೆ ಅವು ಹೊಂಡಗಳಾಗಿ ಕಾಡುಬಾತುಗಳಿಗೆ ಮರಿಮಾಡುವ ತಾಣವಾಗುವವು. ಮಣ್ಣು ಕಪ್ಪು. ಆದರೆ ನಮ್ಮ ಎರೆಯ ಕಪ್ಪು ಬೇರೆ, ಅಲ್ಲಿಯ ಕಪ್ಪು ಬೇರೆ. ನಮ್ಮ ಎರೆಯು ಕರಿಗಲ್ಲು ಸವೆದು ಆದದ್ದು; ಅಲ್ಲಿಯದು ಸಾವಿರಾರು ವರ್ಷ ಹುಲ್ಲಿನ ಬೇರುಗಳು ಕೊಳೆತು ಕೂಡಿದ ಸಾರ. ಆ ಹುಲ್ಲನ್ನು ಮೇಯುತ್ತಿದ್ದ ಕಾಡುಕೋಣದ ಜಾತಿಯ ಬೈಸನ್ ಹಿಂಡುಗಳು 1880ರ ಸುಮಾರಿಗೆ ಬೇಟೆಗೆ ತುತ್ತಾಗಿ ಇಲ್ಲವಾದವು. ಇಂದಿನ ರಾಜಧಾನಿ ರಿಜೈನಾ ಪಟ್ಟಣದ ತಾಣಕ್ಕೆ ಮೊದಲಿದ್ದ ಹೆಸರು ‘ಎಲುಬಿನ ರಾಶಿ’. ರೈಲು ಬಂದ ಬಳಿಕ ವಲಸಿಗರು ಬಯಲಿನ ಎಲುಬನ್ನು ಆಯ್ದು ಮಾರಿದರು. ಅದು ಕಾರಖಾನೆಗಳಲ್ಲಿ ಗೊಬ್ಬರವಾಯಿತು. ಗೊಬ್ಬರದ ಮಾತು ಈ ಪ್ರಾಂತದ ಕಥೆಯಲ್ಲಿ ಮತ್ತೊಮ್ಮೆ ಬರಲಿದೆ.

ಇನ್ನು ಒಡೆತನದ ಸಂಗತಿ. ಈ ಸೀಮೆಯ ಬಹುಭಾಗವನ್ನು ಇಂಗ್ಲಂಡದ ಅರಸನು 1670ರಲ್ಲಿ ಹಡ್ಸನ್ಸ್ ಬೇ ಎಂಬ ವ್ಯಾಪಾರಿ ಕಂಪನಿಗೆ ಸನದು ಬರೆದು ಕೊಟ್ಟಿದ್ದನು. ಕಂಪನಿಯ ಆಳಿಕೆಯೆಂದರೇನೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. 1870ರಲ್ಲಿ ಅದು 3 ಲಕ್ಷ ಪೌಂಡಿಗೆ ಕೆನಡಾ ಸರಕಾರಕ್ಕೆ ಕೈಬದಲಾಯಿತು. ಆಗಲೂ ಫಲವತ್ತಾದ ಭೂಮಿಯ ಇಪ್ಪತ್ತರಲ್ಲೊಂದು ಪಾಲನ್ನು ಕಂಪನಿಯು ಉಳಿಸಿಕೊಂಡಿತು. ಬಳಿಕ ಪೆಸಿಫಿಕ್ ರೈಲು ಕಂಪನಿಗೆ ಪ್ರೇರಿ ಸೀಮೆಯಲ್ಲಿ 2.5 ಕೋಟಿ ಎಕರೆ ದಾನವಾಯಿತು. ಉಳಿದುದರಲ್ಲಿ, 1872ರ ಕಾಯಿದೆಯಂತೆ, 10 ಡಾಲರು ಕಟ್ಟಿ ನೆಲೆನಿಂತು ಸಾಗುವಳಿ ಮಾಡಿದವನಿಗೆ 160 ಎಕರೆ. 1905ರಲ್ಲಿ ಸಸ್ಕಾಚೆವನ್ ಪ್ರಾಂತವೆನಿಸಿತು. ಆದರೆ ಒಂಟಾರಿಯೋ, ಕ್ವಿಬೆಕ್ ಮೊದಲಾದ ಹಿರಿಯ ಪ್ರಾಂತಗಳಿಗೆ ತಮ್ಮ ತಮ್ಮ ಭೂಮಿ ಖನಿಜಗಳ ಹಕ್ಕಿದ್ದಿತು. ಇದಕ್ಕೆ ಮಾತ್ರ ಇರಲಿಲ್ಲ. ವಲಸೆಗೂ ರೈಲಿಗೂ ಬೇಕೆಂದು ಒಟ್ಟಾವದ ಸರಕಾರವು ಅವನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡು, ಬದಲಿಗೆ ವರ್ಷವರ್ಷವೂ ಇಷ್ಟು ಹಣವೆಂದು ಕೊಡುತ್ತ ಬಂದಿತು. ಮನೆಯ ಯಜಮಾನನೆನಿಸಿದವನಿಗೆ ಕಣಜದ ಬೀಗದಕೈ ಇಲ್ಲದಂತಾಯಿತು. ಇಪ್ಪತ್ತೈದು ವರ್ಷಗಳ ವಾದವಿವಾದದ ಮೇಲೆ 1930ರಲ್ಲಿ ಆ ಬೀಗದಕೈ ಪ್ರಾಂತಕ್ಕೆ ಬಂದಿತು. ಒಳ್ಳೊಳ್ಳೆಯ ಹೊಲಗಳು ಆ ವೇಳೆಗಾಗಲೇ ಹಂಚಿಹೋಗಿದ್ದವು!

ಒಡೆತನವು ಕೈಗೆ ಬಂದ ಹೊತ್ತಿಗೇ ನೆಲವು ಗಾಳಿಗೆ ಹಾರತೊಡಗಿತು. 1857ರಿಂದ 60ರವರೆಗೆ ಈ ಸೀಮೆಯನ್ನು ಶೋಧಿಸಿದ ಜಾನ್ ಪ್ಯಾಲಿಸರನು ತೆಂಕಣ ಭಾಗವು ಒಕ್ಕಲುತನಕ್ಕೆ ತಕ್ಕುದಲ್ಲದ ಬರಡೆಂದು ವರದಿ ಮಾಡಿದ್ದನು. ಅವನ ತರುವಾಯ ಮಳೆ ಹೆಚ್ಚಿದ್ದ ವರ್ಷಗಳಲ್ಲಿ ಬಂದು ನೋಡಿದವರು ಆ ಮಾತನ್ನು ತಳ್ಳಿಹಾಕಿದರು. ಹುಲ್ಲನ್ನು ಕಿತ್ತು ಗೋದಿಯೊಂದನ್ನೇ ಬಿತ್ತಿದರು. ತೇವ ಉಳಿಯಲೆಂದು ವರ್ಷ ಬಿಟ್ಟು ವರ್ಷ ಹೊಲವನ್ನು ಬೀಡು ಬಿಟ್ಟು, ಕಳೆ ಬಾರದಂತೆ ಹರಗಿ ಹರಗಿ ಮಣ್ಣನ್ನು ಹುಡಿಮಾಡಿದರು. ಮಳೆ ತಪ್ಪಿದೊಡನೆ ಆ ಹುಡಿಯನ್ನು ತಡೆಹಿಡಿಯುವ ಬೇರೇ ಇರಲಿಲ್ಲ. 1937ರ ಜುಲೈ 5ರಂದು ಮಿಡೇಲ್, ಯೆಲ್ಲೋ ಗ್ರಾಸ್ ಎಂಬ ಊರುಗಳಲ್ಲಿ 45 ಡಿಗ್ರಿ ಸೆಲ್ಸಿಯಸ್ ಕಾವೇರಿತು. ಆ ವರ್ಷದ ಗೋದಿಯ ಪೈರು ಎಕರೆಗೆ ಸರಾಸರಿ ಮೂರು ಬುಷೆಲ್ಲಿಗೂ ಕಡಿಮೆ. ಇದನ್ನು ಬರಿಯ ದೈವಕೋಪವೆಂದು ನಾವು ಎಣಿಸುವುದಿಲ್ಲ. 1935ರಲ್ಲಿ ಕೇಂದ್ರ ಸರಕಾರವು ಪ್ರೇರಿ ಒಕ್ಕಲುತನದ ಪುನರುದ್ಧಾರಕ್ಕೆಂದು ಕಾಯಿದೆ ಮಾಡಿ, ಪಟ್ಟೆಪಟ್ಟೆಯಾಗಿ ಬಿತ್ತುವುದನ್ನೂ ಕೂಳೆಯನ್ನು ಹೊಲದಲ್ಲಿಯೇ ಉಳಿಸುವುದನ್ನೂ ಕಲಿಸಿತು. ಕೆಟ್ಟ ಹೊಲಗಳಲ್ಲಿ ಹುಲ್ಲು ಬಿತ್ತಿ ಸಾರ್ವಜನಿಕ ಗೋಮಾಳಗಳನ್ನು ಮಾಡಿತು.

ಮೇಲಿನ ಸಿರಿ ಹೀಗಿರಲು, ಕೆಳಗಿನ ಸಿರಿ 1940ರ ದಶಕದಲ್ಲಿ ಹೊರಬಿದ್ದಿತು. ಕಲ್ಲೆಣ್ಣೆಗಾಗಿ ತೂತು ಕೊರೆದವರಿಗೆ ದೊರೆತುದು ಪೊಟ್ಯಾಶ್. ಸುಮಾರು 38 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಕಡಲು ಬತ್ತಿ ಉಳಿದ ಉಪ್ಪು ಅದು. ನೆಲದಿಂದ ಒಂದು ಕಿಲೋಮೀಟರು ಆಳದಲ್ಲಿದೆ. ನಡುವೆ ನೀರು ತುಂಬಿದ ಮರಳಿನ ಪದರವೊಂದಿದ್ದು, ಗಣಿಯ ಬಾವಿ ತೋಡಲು ಹೋದಲ್ಲೆಲ್ಲ ಒಳಗೆ ನುಗ್ಗುತ್ತಿದ್ದಿತು. ಕಡೆಗೆ ಸುತ್ತಲೂ ತಣ್ಣನೆಯ ದ್ರವವನ್ನು ಹರಿಸಿ, ಆ ನೀರನ್ನೇ ಹೆಪ್ಪುಗಟ್ಟಿಸಿ, ಮಂಜುಗಡ್ಡೆಯ ಗೋಡೆಯೊಳಗೆ ಬಾವಿಯನ್ನಿಳಿಸಿದರು. 1962ರಲ್ಲಿ ಎಸ್ಟರ್‌ಹೇಜಿಯ ಗಣಿಯಿಂದ ಪೊಟ್ಯಾಶ್ ಹೊರಬಂದಿತು. ಇಂದು ಜಗತ್ತಿನ ಪೊಟ್ಯಾಶಿನಲ್ಲಿ ಮೂರರಲ್ಲೊಂದರಷ್ಟು ಪಾಲು ಈ ಪ್ರಾಂತದ್ದು. ನಮ್ಮ ರೈತರು ಗೊಬ್ಬರದಂಗಡಿಯಿಂದ ತರುವ ಕೆಂಪುಬಣ್ಣದ ಪೊಟ್ಯಾಶ್ ಹರಳು ಹೊರನಾಡಿನದು. ಅದರಲ್ಲಿ ಒಂದು ಪಾಲು ಅಲ್ಲಿಂದಲೇ ಬರುವುದು.

ಇಲ್ಲಿಯೂ ಒಡೆತನದ ಜಗಳ ತಪ್ಪಲಿಲ್ಲ. ಎಣ್ಣೆಯ ಮೇಲೆ ಪ್ರಾಂತವು ಹಾಕಿದ ತೆರಿಗೆಯನ್ನೂ, ಪೊಟ್ಯಾಶಿನ ಉತ್ಪತ್ತಿಗೆ ಕಟ್ಟಿದ ಮಿತಿಯನ್ನೂ ಕೆನಡಾದ ಶ್ರೇಷ್ಠ ನ್ಯಾಯಾಲಯವು 1977–78ರಲ್ಲಿ ತಳ್ಳಿಹಾಕಿತು. ಖನಿಜವು ಪ್ರಾಂತದ್ದಾದರೂ ಅದರ ವ್ಯಾಪಾರವು ಕೇಂದ್ರದ್ದೆಂಬುದು ತೀರ್ಪಿನ ತಿರುಳು. 1930ರಲ್ಲಿ ದೊರೆತ ಬೀಗದಕೈ ಅರ್ಧವೇ ತಿರುಗುವುದೆಂಬುದು ಆಗ ತಿಳಿದುಬಂದಿತು. 1982ರ ರಾಜ್ಯಘಟನೆಯ ತಿದ್ದುಪಡಿಯು ಪ್ರಾಂತಗಳ ಈ ಅಧಿಕಾರವನ್ನು ಬಹುಮಟ್ಟಿಗೆ ಭದ್ರಪಡಿಸಿತು. ಈ ನಡುವೆ 1975ರಲ್ಲಿ ಪ್ರಾಂತವು ತನ್ನದೇ ಪೊಟ್ಯಾಶ್ ಸಂಸ್ಥೆಯನ್ನು ಹುಟ್ಟಿಸಿ ಗಣಿಗಳನ್ನು ಕೊಂಡಿತು. 1989ರಿಂದ ಅದರ ಪಾಲುಗಳನ್ನು ಖಾಸಗಿಯವರಿಗೆ ಮಾರಿತು. ಅಷ್ಟು ಹೋರಾಡಿ ಪಡೆದುದನ್ನು ಮಾರಿದುದು ನಮಗೇನೋ ಸರಿಯೆನಿಸದು.

ಹೊಲದ ಮಾತೊಂದು ಉಳಿಯಿತು. 1970ರ ದಶಕದಲ್ಲಿ ಸಸ್ಕಟೂನ್ ನಗರದ ವಿಶ್ವವಿದ್ಯಾಲಯದವರು ಚನ್ನಂಗಿಯ ತಳಿಗಳನ್ನು ಬೆಳೆಸಲು ತೊಡಗಿದರು. ದ್ವಿದಳ ಧಾನ್ಯವು ಗಾಳಿಯ ಸಾರಜನಕವನ್ನು ನೆಲಕ್ಕೆ ಕೂಡಿಸುವುದಷ್ಟೆ; ಬೀಡು ಬಿಡುತ್ತಿದ್ದ ಹೊಲವು ಹಸುರಾಯಿತು, ಧೂಳು ಅಡಗಿತು. ಚನ್ನಂಗಿ ತಿನ್ನದ ನಾಡು ಜಗತ್ತಿಗೆ ಚನ್ನಂಗಿ ಮಾರುವಂತಾಯಿತು. ನಮ್ಮ ಪೇಟೆಯ ಕೆಂಪು ಬೇಳೆಯಲ್ಲಿ ಅಲ್ಲಿಯದೂ ಬೆರೆತಿರುವುದು.

ಇಷ್ಟೆಲ್ಲ ಒಡೆತನದ ವ್ಯವಹಾರದಲ್ಲಿ ಯಾರೂ ಕೇಳದೆ ಬಿಟ್ಟವರು ಅಲ್ಲಿಯ ಮೂಲನಿವಾಸಿಗಳು. 1874 ಮತ್ತು 1876ರ ಒಡಂಬಡಿಕೆಗಳಲ್ಲಿ ಅವರು ಭೂಮಿಯನ್ನೆಲ್ಲ ಬಿಟ್ಟುಕೊಟ್ಟರೆಂದು ಸರಕಾರದ ಕಾಗದವು ಹೇಳುವುದು. ಆ ಜನರ ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದುದು ಬೇರೆ: ತಾವು ಹಂಚಿಕೊಳ್ಳಲು ಒಪ್ಪಿದುದು ನೇಗಿಲು ಇಳಿಯುವಷ್ಟು ಆಳದ ಮಣ್ಣನ್ನು ಮಾತ್ರ. ಪೊಟ್ಯಾಶ್ ಇರುವುದು ನೇಗಿಲಿಗಿಂತ ಒಂದು ಕಿಲೋಮೀಟರು ಕೆಳಗೆ.