ಗುಡಿಯೂ ಪಾರುದಾರಿಯೂ



ಭೂಗರ್ಭವನ್ನು ಭೇದಿಸಿ ಮಾಡುವ ಕಾರ್ಯವು ಅಪಾಯದಿಂದ ಕೂಡಿದುದೆಂಬುದು ಸರ್ವವಿದಿತ. ಆದರೆ ಆ ಅಪಾಯವು ಕೇವಲ ಕಲ್ಲುಮಣ್ಣುಗಳಿಂದ ಒದಗುವುದಲ್ಲ; ಮನುಷ್ಯರ ನಂಬುಗೆ, ನಡೆವಳಿಕೆ, ಅಲಕ್ಷ್ಯಗಳಿಗೂ ಅದರಲ್ಲಿ ಪಾಲುಂಟು. ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದ ವೃತ್ತಾಂತವೇ ಇದಕ್ಕೆ ನಿದರ್ಶನವು.

ಯಮುನೋತ್ರಿಯ ಯಾತ್ರಿಕರ ದಾರಿಯನ್ನು ಸುಗಮಗೊಳಿಸುವುದಕ್ಕಾಗಿ ಉತ್ತರಕಾಶಿ ಜಿಲ್ಲೆಯಲ್ಲಿ ಬೆಟ್ಟವನ್ನು ಕೊರೆದು ಸುಮಾರು 4.5 ಕಿಲೋಮೀಟರು ಉದ್ದದ ಸುರಂಗವನ್ನು ರಚಿಸುತ್ತಿದ್ದರು. 2023ನೆಯ ನವೆಂಬರ್ 12ರಂದು, ದೀಪಾವಳಿಯ ದಿನ, ಬೆಳಗಿನ ಜಾವದಲ್ಲಿ ಅದರ ಒಂದು ಭಾಗವು ಕುಸಿದು 41 ಮಂದಿ ಕೂಲಿಕಾರರು ಒಳಗೆ ಸಿಕ್ಕಿಕೊಂಡರು. ಅವರಿಗೂ ಹೊರಗಿನ ಲೋಕಕ್ಕೂ ನಡುವೆ ಸುಮಾರು 60 ಮೀಟರು ಮಣ್ಣುಕಲ್ಲುಗಳ ರಾಶಿ. ಗಾಳಿಯೂ ಅನ್ನವೂ ಕೊಳವೆಯ ಮೂಲಕವೇ ಹೋಗಬೇಕಾಯಿತು.

ಸುರಂಗದ ಬಾಯಲ್ಲಿದ್ದ ಬೌಖನಾಗ ದೇವರ ಗುಡಿಯನ್ನು ತೆಗೆದುದೇ ಈ ಕೇಡಿಗೆ ಕಾರಣವೆಂದು ಊರವರು ನುಡಿದರು. ಒಡನೆಯೇ ಅಲ್ಲಿ ಚಿಕ್ಕ ಗುಡಿಯೊಂದು ನಿಂತಿತು. ಆಸ್ಟ್ರೇಲಿಯಾದಿಂದ ಬಂದ ಸುರಂಗತಜ್ಞ ಆರ್ನಾಲ್ಡ್ ಡಿಕ್ಸ್ ಅವರೂ ಅದರೆದುರು ಪ್ರಾರ್ಥಿಸಿದರು. ಇದನ್ನು ಕಂಡು ನಗುವುದು ತರವಲ್ಲ. ಕತ್ತಲೆಗೆ ಇಳಿಯುವವನ ಎದೆಗೆ ಆಧಾರವೊಂದು ಬೇಕು. ಆದರೆ 2018ರಲ್ಲಿ ಸರ್ಕಾರವು ಈ ಸುರಂಗಕ್ಕೆ ಸಮ್ಮತಿಯಿತ್ತಾಗ, ಆಪತ್ಕಾಲದಲ್ಲಿ ಹೊರಬರುವ ಪಾರುದಾರಿಯೂ ಅದರಲ್ಲಿ ಸೇರಿದ್ದಿತು. ಕುಸಿದ ದಿನ ಆ ದಾರಿ ಅವರ ಪಾಲಿಗೆ ಇರಲಿಲ್ಲ. ಗುಡಿಯಿಲ್ಲದುದನ್ನು ಊರೆಲ್ಲ ಕಂಡಿತು. ಪಾರುದಾರಿಯಿಲ್ಲದುದನ್ನು ಮೊದಲೇ ಕೇಳಿದವರೆಷ್ಟು ಮಂದಿ?

ಕೊರೆಯುವ ಮಹಾಯಂತ್ರವು ಅವಶೇಷಗಳಲ್ಲಿ ಸಿಕ್ಕಿ ಮುರಿಯಿತು. ಆಗ ಬಂದವರು ಇಲಿಬಿಲದಂತಹ ಇಕ್ಕಟ್ಟಿನಲ್ಲಿ ನುಸುಳಿ ಅಗೆಯಬಲ್ಲ ಹನ್ನೆರಡು ಮಂದಿ ಶ್ರಮಿಕರು. ಹಿಂದೂಗಳೂ ಮುಸಲ್ಮಾನರೂ ಅವರಲ್ಲಿದ್ದರು. ಕಲ್ಲಿದ್ದಲನ್ನು ಹೀಗೆ ತೆಗೆಯುವ ಪದ್ಧತಿಯು ಪ್ರಾಣಾಪಾಯಕರವಾದುದರಿಂದ, ಹಸುರು ನ್ಯಾಯಾಧಿಕರಣವು 2014ರಲ್ಲಿಯೇ ಮೇಘಾಲಯದಲ್ಲಿ ಅದನ್ನು ನಿಷೇಧಿಸಿತ್ತು. ಮೀಟರಿಗೂ ಕಿರಿದಾದ ಕೊಳವೆಯೊಳಗೆ ಕುಳಿತು, ಕೊನೆಯ ಹತ್ತುಹನ್ನೆರಡು ಮೀಟರನ್ನು ಅವರು ಕೈಯಿಂದಲೇ ಅಗೆದರು. 28ರ ರಾತ್ರಿ 41 ಮಂದಿಯೂ ಜೀವಂತರಾಗಿ ಹೊರಬಂದರು.

ಲೋಕವು ಕೀಳೆಂದು ಎಣಿಸಿದ ಕೈಗಳೇ ಅಂದು ಲೋಕದ ಮಾನವನ್ನು ಉಳಿಸಿದುವು. ಆದರೂ ಅವರ ಸಾಹಸವನ್ನು ಕೊಂಡಾಡುವುದರಲ್ಲಿಯೇ ಕರ್ತವ್ಯವು ತೀರದು. ಅಂತಹ ಸಾಹಸವು ಬೇಕಾಗದಂತೆ ನೋಡಿಕೊಳ್ಳುವುದೇ ನಿಜವಾದ ಕೃತಜ್ಞತೆಯು.

2025ನೆಯ ಏಪ್ರಿಲಿನಲ್ಲಿ ಸುರಂಗದ ಎರಡು ತುದಿಗಳೂ ಕೂಡಿದುವು. ಬೌಖನಾಗನ ಗುಡಿಯಲ್ಲಿ ಪ್ರತಿಷ್ಠೆಯೂ ನೆರವೇರಿತು. ಅದು ಯುಕ್ತವೇ ಸರಿ. ಬಾಗಿಲಲ್ಲಿ ದೇವರನ್ನು ನಿಲ್ಲಿಸುವವರು ಒಳಗೆ ಪಾರುದಾರಿಯನ್ನೂ ನಿಲ್ಲಿಸಲಿ. ಕೆಳಗಿಳಿಯುವವನ ಭಯದ ಮಾತನ್ನು ಮೇಲಿರುವವನು ಮೊದಲು ಕೇಳಲಿ.